ಹಮಾಲರು ಕಟ್ಟಿದ ಅಡುಗೆಮನೆ

ಪುಣೆಯ ನಾನಾ ಪೇಠದಲ್ಲಿ ಒಬ್ಬ ಆಯುರ್ವೇದ ವೈದ್ಯರಿದ್ದರು. ಪಕ್ಕದ ಸಗಟು ಪೇಟೆಯಲ್ಲಿ ನೂರು ಕೆಜಿ ಚೀಲ ಹೊರುವ ಹಮಾಲರು ಸೊಂಟ ಹಿಡಿದುಕೊಂಡು ಅವರ ದವಾಖಾನೆಗೆ ಬರುತ್ತಿದ್ದರು. ಎಣ್ಣೆ, ಲೇಪ ಕೊಟ್ಟು ಕಳಿಸಿದರೂ ನೋವು ಮತ್ತೆ ಮರುಕಳಿಸುತ್ತಿತ್ತು. ಚೀಲದ ತೂಕ ಇಳಿಯದ ಹೊರತು ಈ ಬೇನೆ ಇಳಿಯದು ಎಂದುಕೊಂಡ ವೈದ್ಯರು 1950ರ ದಶಕದಲ್ಲಿ ಹಮಾಲರ ಸಂಘಟನೆ ‘ಹಮಾಲ ಪಂಚಾಯತ್’ ಕಟ್ಟಿದರು. ಅವರೇ ಬಾಬಾ ಆಢಾವ.

1972ರ ಬರ ಮಹಾರಾಷ್ಟ್ರವನ್ನು ಹಿಂಡಿತ್ತು. ಅದರ ಬೆನ್ನಿಗೇ ಬೆಲೆಯೇರಿಕೆ ಬಂತು. ದಿನವಿಡೀ ಕಾಳಿನ ಚೀಲ ಹೊತ್ತವನಿಗೇ ಹೊಟ್ಟೆತುಂಬ ಊಟ ಎಟುಕದಂಥ ಕಾಲ. 1974ರಲ್ಲಿ ಪಂಚಾಯತ್ ತನ್ನದೇ ಅಡುಗೆಮನೆ ತೆರೆದು ‘ಕಷ್ಟಾಚೀ ಭಾಕರ್’ ಎಂದು ಹೆಸರಿಟ್ಟಿತು. ದುಡಿದು ತಿನ್ನುವ ರೊಟ್ಟಿ! ಲಾಭ ಬೇಡ, ನಷ್ಟವೂ ಬೇಡ ಎಂಬುದು ಅಲ್ಲಿನ ಲೆಕ್ಕ. ಹಮಾಲರಿಗೆಂದು ಹೊತ್ತಿಸಿದ ಒಲೆಯ ಊಟಕ್ಕೆ ಬರಬರುತ್ತ ಆಟೋದವರೂ ವಿದ್ಯಾರ್ಥಿಗಳೂ ಬಂದರು.

ಬಿಸಿನೀರಲ್ಲಿ ನಾದಿದ ಜೋಳದ ಹಿಟ್ಟು ಅಂಗೈಯಡಿ ಅಗಲವಾಗಿ ಹೆಂಚಿಗೆ ಬೀಳುವುದು, ಮೇಲೆ ನೀರು ಸವರುವುದು, ಉಬ್ಬಿದ್ದನ್ನು ತಿರುವುವುದು ಇವೆಲ್ಲ ವಿಜಯಪುರ, ಕಲಬುರಗಿಯಿಂದ ಗುಳೆ ಹೋಗಿ ಪುಣೆಯ ಕಟ್ಟಡಗಳಿಗೆ ಇಟ್ಟಿಗೆ ಹೊರುವ ನಮ್ಮವರಿಗೆ ಹೊಸದಲ್ಲ. ಜೊತೆಗೆ ಕಡಲೆಹಿಟ್ಟಿನ ಜುಣಕ ಇದ್ದರಂತೂ ಊರಿನ ಊಟವೇ.

ಇಂದು ಪುಣೆಯಲ್ಲಿ ಹಸಿವಿಗೆ ಬೇರೆ ಬಗೆಯ ಉತ್ತರಗಳೂ ಇವೆ. 2014ರಲ್ಲಿ ದೆಹಲಿಯಲ್ಲಿ ಹುಟ್ಟಿದ ರಾಬಿನ್ ಹುಡ್ ಆರ್ಮಿಯ ಸ್ವಯಂಸೇವಕರು ಹೋಟೆಲುಗಳಲ್ಲಿ ಮಿಕ್ಕ ಊಟವನ್ನು ಇಲ್ಲಿಯೂ ಕೊಳೆಗೇರಿಗಳಿಗೆ ಮುಟ್ಟಿಸುತ್ತಾರೆ. ಹಣದ ದೇಣಿಗೆ ಮಾತ್ರ ಮುಟ್ಟುವುದಿಲ್ಲ. ಒಳ್ಳೆಯ ಕೆಲಸವೇ. ಆದರೆ ಮಿಕ್ಕಿದ್ದಕ್ಕೆ ಕಾಯುವುದಕ್ಕೂ, ಕಾಸು ಕೊಟ್ಟು ‘ಇನ್ನೊಂದು ರೊಟ್ಟಿ ಹಾಕ್ರಿ’ ಎನ್ನುವುದಕ್ಕೂ ಅಂತರವಿದೆ.

ಈ ಅಂತರ ಬಲ್ಲ ಆಢಾವರು ಸಮಾಜ ಸುಧಾರಕ ಜೋತಿಬಾ ಫುಲೆಯವರ ಹಾದಿಯವರು. 1877ರ ಭೀಕರ ಬರದಲ್ಲಿ, ನಮ್ಮ ವಿಜಯಪುರ, ಬಳ್ಳಾರಿ ಸೀಮೆಗಳೂ ಬೆಂದ ಅದೇ ಬರದಲ್ಲಿ, ಪುಣೆ ಬಳಿಯ ಧನಕವಡಿಯಲ್ಲಿ ಫುಲೆಯವರ ಬಳಗ ಮಕ್ಕಳಿಗೆ ಅನ್ನ ಹಾಕಿತ್ತು. ಪುಣೆಯಲ್ಲಿ ಫುಲೆಯವರು ಬಾಳಿದ ಮನೆ ಫುಲೆ ವಾಡೆಯಲ್ಲೇ 2024ರ ನವೆಂಬರಿನಲ್ಲಿ, ತೊಂಬತ್ತು ದಾಟಿದ ಆಢಾವರು ಮಹಾರಾಷ್ಟ್ರದ ಚುನಾವಣೆಯಲ್ಲಿ ಹಣದ ಹೊಳೆ ಹರಿಯಿತೆಂದು ಮೂರು ದಿನ ಉಪವಾಸ ಕೂತರು. ಊರಿಗೆಲ್ಲ ರೊಟ್ಟಿಯ ದಾರಿ ಮಾಡಿದವರು ತಾವು ಮಾತ್ರ ಊಟ ಬಿಟ್ಟು ಕೂತಿದ್ದರು.

ಮಹಾರಾಷ್ಟ್ರ ಸರ್ಕಾರವೂ 1995ರಲ್ಲಿ ಒಂದು ರೂಪಾಯಿಗೆ ಝುಣಕಾ ಭಾಕರ್ ಕೊಡಲು ಹೊರಟಿತ್ತು. ಕೆಲವೇ ವರ್ಷಗಳಲ್ಲಿ ಅನುದಾನ ನಿಂತು ಯೋಜನೆ ಮುಗಿಯಿತು. ಹಮಾಲರ ಒಲೆ ಐವತ್ತು ವರ್ಷ ದಾಟಿತು. ಆಢಾವರು 2025ರ ಡಿಸೆಂಬರಿನಲ್ಲಿ ತೀರಿಕೊಂಡರು. ಗ್ಯಾಸಿನ ಬೆಲೆ, ಜೋಳದ ಬೆಲೆ ಏರಿದಾಗಲೆಲ್ಲ ತಟ್ಟೆಯ ದರ ಎಷ್ಟಿಡಬೇಕೆಂದು ಇನ್ನು ಅವರಿಲ್ಲದೆಯೇ ಲೆಕ್ಕ ಹಾಕಬೇಕು.