ಗೇಟು ಶಿವಮೊಗ್ಗದಲ್ಲಿ, ನೆರೆ ಹೊನ್ನಾವರದಲ್ಲಿ

ಮಳೆಗಾಲದಲ್ಲಿ ಹೊನ್ನಾವರದ ಶರಾವತಿ ದಂಡೆಯವರಿಗೆ ಒಂದು ಪ್ರಕಟಣೆ ಬರುತ್ತೆ: ಲಿಂಗನಮಕ್ಕಿ ತುಂಬುತ್ತಿದೆ, ಯಾವಾಗ ಬೇಕಾದರೂ ನೀರು ಬಿಡಬಹುದು, ಜಾನುವಾರು ಸಮೇತ ಸುರಕ್ಷಿತ ಜಾಗಕ್ಕೆ ಹೋಗಿ. ಸರಿ, ಆದ್ರೆ ‘ಯಾವಾಗ ಬೇಕಾದರೂ’ ಅಂದ್ರೆ ಯಾವಾಗ? ನೀರು ಯಾರ ಅಂಗಳದ ತನಕ ಬರುತ್ತೆ? ಇದಕ್ಕೆ ಒಂದೇ ಕಚೇರಿಯಲ್ಲಿ ಉತ್ತರ ಸಿಗುವುದಿಲ್ಲ.

ಲಿಂಗನಮಕ್ಕಿ ಅಣೆಕಟ್ಟು ಇರುವುದು ಶಿವಮೊಗ್ಗ ಜಿಲ್ಲೆಯಲ್ಲಿ. ಬಿಟ್ಟ ನೀರು ಗೇರುಸೊಪ್ಪಾ ದಾಟಿ ಬಂದು ನುಗ್ಗುವುದು ಉತ್ತರ ಕನ್ನಡದಲ್ಲಿ. ಗೇಟು ಎತ್ತುವುದು ಇಂಧನ ಇಲಾಖೆಯಡಿ ಬರುವ ಕೆಪಿಸಿ. ಜನರನ್ನು ಎಬ್ಬಿಸಿ ಕಾಳಜಿ ಕೇಂದ್ರಕ್ಕೆ ಸಾಗಿಸುವುದು ಕಂದಾಯ ಇಲಾಖೆ. 2005ರ ವಿಪತ್ತು ನಿರ್ವಹಣಾ ಕಾಯ್ದೆ ಜಿಲ್ಲಾಧಿಕಾರಿಯನ್ನು ಜಿಲ್ಲಾ ಪ್ರಾಧಿಕಾರದ ಅಧ್ಯಕ್ಷರನ್ನಾಗಿ ಮಾಡಿ, ಜಿಲ್ಲೆಯ ಉಳಿದ ಇಲಾಖೆಗಳಿಗೆ ನಿರ್ದೇಶನ ಕೊಡುವ ಅಧಿಕಾರ ಕೊಟ್ಟಿದೆ. ಮಾತು ಕೇಳದವರಿಗೆ ಜೈಲು ಶಿಕ್ಷೆಯೂ ಉಂಟು. ಆದರೆ ಆ ಅಧಿಕಾರ ಜಿಲ್ಲೆಯ ಗಡಿಗೇ ಮುಗೀತು. ಎರಡೂ ಜಿಲ್ಲೆಗಳ ಮೇಲೆ ಇರುವುದು ಮುಖ್ಯಮಂತ್ರಿ ಅಧ್ಯಕ್ಷತೆಯ ರಾಜ್ಯ ಪ್ರಾಧಿಕಾರ. ಮಧ್ಯರಾತ್ರಿ ಒಳಹರಿವು ಏರಿದಾಗ ಅಲ್ಲಿಂದ ಸಭೆ ಕರೆಯಲಿಕ್ಕೆ ಆಗುತ್ತದೆಯೇ? ಹಾಗಾಗಿ ನೀರು ಬಿಡುವ ಸೂತ್ರ ಮಳೆಗಾಲಕ್ಕೆ ಮೊದಲೇ ಬರೆದಿಟ್ಟಿರಬೇಕು.

ಆ ಸೂತ್ರದಲ್ಲೇ ಇರುವುದು ನಿಜವಾದ ಜಗಳ. ಲಿಂಗನಮಕ್ಕಿ ಕಟ್ಟಿದ್ದು ವಿದ್ಯುತ್ತಿಗೆ. ಶರಾವತಿಯದ್ದು ರಾಜ್ಯದ ಅತಿ ಅಗ್ಗದ ಕರೆಂಟು, ಬೇಸಿಗೆಗೆ ನೀರು ಬೇಕೇ ಬೇಕು. ಆದ್ದರಿಂದ ಮಳೆ ಮುಗಿಯುವ ಹೊತ್ತಿಗೆ 1819 ಅಡಿ ತುಂಬಿರಬೇಕು ಎಂಬುದು ಕೆಪಿಸಿಯ ಲೆಕ್ಕ. ಕೆಳಗಿನವರ ಲೆಕ್ಕ ತದ್ವಿರುದ್ಧ: ಆಗಸ್ಟ್‌ನಲ್ಲಿ ಒಂದಿಷ್ಟು ಜಾಗ ಖಾಲಿ ಇರಲಿ.

ಎಷ್ಟು ಖಾಲಿ? ಒಂದು ಕಾಗದ ತಗೊಳ್ಳಿ. ಸೆಕೆಂಡಿಗೆ 50,000 ಘನ ಅಡಿಯಂತೆ ಇಡೀ ದಿನ ನೀರು ಹರಿದರೆ ಸುಮಾರು 4.3 ಟಿಎಂಸಿ. ಜಲಾಶಯದ ಸಾಮರ್ಥ್ಯ ಸುಮಾರು 151 ಟಿಎಂಸಿ. ಅಂದರೆ ಶೇ 3ಕ್ಕಿಂತ ಕಡಿಮೆ. ತುಂಬಿದಾಗ ನೀರು ಸುಮಾರು 300 ಚದರ ಕಿ.ಮೀ. ಹರಡುವುದರಿಂದ ಎತ್ತರದಲ್ಲಿ ಇದು ಒಂದೂವರೆ ಅಡಿಯೂ ಇಲ್ಲ. ಅಷ್ಟು ಜಾಗಕ್ಕೆ ಕರೆಂಟಿನ ಬೆಲೆ ಎಷ್ಟು, ಕೆಳಗೆ ಒಂದು ದಿನದ ನೆರೆ ತಪ್ಪಿಸುವುದರ ಬೆಲೆ ಎಷ್ಟು ಎಂಬುದು ರಾಜಕೀಯ ಪ್ರಶ್ನೆ. ಅದನ್ನು ಅಣೆಕಟ್ಟಿನ ಎಂಜಿನಿಯರ್ ತಲೆಗೆ ಕಟ್ಟಿ ಸುಮ್ಮನಾಗಿದ್ದೇವೆ. 2019ರ ಆಗಸ್ಟ್‌ನಲ್ಲಿ ಕದ್ರಾದಿಂದ ನೀರು ಬಿಟ್ಟು ಕಾಳಿ ದಂಡೆಯ ಊರುಗಳು ಮುಳುಗಿದಾಗಲೂ ಇದೇ ಪ್ರಶ್ನೆ ಎದ್ದಿತ್ತು.

ಇದಿಷ್ಟೂ ಗೇಟು ಇರುವ ನದಿಯ ಮಾತು. ಕುಮಟಾದ ಸಂತೆಗುಳಿ, ಕತಗಾಲ ಕಡೆಯವರಿಗೆ ಮೇಲೆ ಲಿಂಗನಮಕ್ಕಿಯಂಥದ್ದೇನೂ ಇಲ್ಲ. ಘಟ್ಟದಲ್ಲಿ ಜೋರು ಮಳೆ ಹೊಯ್ದರೆ ಚಂಡಿಕಾ ಹೊಳೆ ಉಕ್ಕಿ ರಸ್ತೆ ಬಂದ್. ಅಘನಾಶಿನಿಗೂ ಅಣೆಕಟ್ಟಿಲ್ಲ, ಅದು ಅದರ ಪುಣ್ಯ. ಆದರೆ ಸಮುದ್ರದ ಉಬ್ಬರದ ಹೊತ್ತಿಗೆ ನೆರೆ ಬಂದರೆ ಗಜನಿ ಬದಿಯಲ್ಲಿ ನೀರು ಇಳಿಯುವುದೇ ಇಲ್ಲ. 2022ರ ಆಗಸ್ಟ್‌ನಲ್ಲಿ ಭಟ್ಕಳ ಮುಳುಗಿದ್ದು, ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದೇ ಮನೆಯಲ್ಲಿ 4 ಜನ ಸತ್ತದ್ದು ಮಳೆಯಿಂದಲೇ. ಗೇಟೇ ಇಲ್ಲದ ಕಡೆ ಎಚ್ಚರಿಕೆ ಕೊಡುವ ಹೊಣೆ ಹೊತ್ತ ಎಂಜಿನಿಯರ್ ಕೂಡ ಇರುವುದಿಲ್ಲ.

ಸಾಧನ ಇಲ್ಲ ಅನ್ನುವ ಹಾಗಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯತಿ ಮಟ್ಟದಲ್ಲೇ ಸ್ವಯಂಚಾಲಿತ ಮಳೆಮಾಪಕ ಇಟ್ಟಿದೆ. ಅಂಕಿ ಬೆಂಗಳೂರಿಗೆ ಹೋಗುತ್ತದೆ. ಸಿದ್ದಾಪುರದ ಘಟ್ಟದಲ್ಲಿ ಇಷ್ಟು ಮಿ.ಮೀ. ದಾಟಿದರೆ ಕತಗಾಲದ ಶಾಲೆಗೆ ರಜೆ, ಬಸ್ ನಿಲ್ಲಿಸಿ, ತಗ್ಗಿನ ಮನೆಯವರನ್ನು ಎಬ್ಬಿಸಿ ಎಂಬ ನಿಯಮ ಪಂಚಾಯತಿಯ ಗೋಡೆ ಮೇಲೆ ಬರೆದಿರಬೇಕು, ಪಿಡಿಒ ಮೇಲಿನ ಆದೇಶಕ್ಕೆ ಕಾಯುವಂತಿರಬಾರದು.

ಅಣೆಕಟ್ಟಿನ ಮಟ್ಟಿಗೆ ಕಾನೂನೇ ಗಡುವು ಹಾಕಿದೆ. 2021ರ ಡಿಸೆಂಬರ್ 30ರಂದು ಜಾರಿಗೆ ಬಂದ ಅಣೆಕಟ್ಟು ಸುರಕ್ಷತಾ ಕಾಯ್ದೆ ಪ್ರಕಾರ ಹಳೆಯ ಅಣೆಕಟ್ಟುಗಳ ಮಾಲೀಕರು 5 ವರ್ಷದೊಳಗೆ ತುರ್ತು ಕ್ರಿಯಾ ಯೋಜನೆ ಸಿದ್ಧ ಮಾಡಬೇಕು. ಲೆಕ್ಕ ಹಾಕಿದರೆ 2026ರ ಡಿಸೆಂಬರ್ ಕೊನೆ. ಎಷ್ಟು ನೀರು ಬಿಟ್ಟರೆ ಯಾವ ಊರಿಗೆ ಎಷ್ಟು ಹೊತ್ತಲ್ಲಿ ಎಲ್ಲಿಯವರೆಗೆ ಬರುತ್ತದೆ ಎಂಬ ನಕ್ಷೆ ಅದರಲ್ಲಿ ಇರಬೇಕು. ಶರಾವತಿ ದಂಡೆಯ ಗ್ರಾಮಸಭೆಗಳಲ್ಲಿ ಕೆಪಿಸಿಯಿಂದ ಕೇಳಿ ಪಡೆಯಬೇಕಾದ ಕಾಗದ ಅದು, ಅದೂ ಕನ್ನಡದಲ್ಲಿ.