ಬೀದರಿಗೆ ಬಂದ ಪರದೇಶಿ ಗುರುಗಳು

ನಮ್ಮ ಸೀಮೆಯ ಆಡುಮಾತಿನಲ್ಲಿ ‘ಪರದೇಶಿ’ ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಬೇರೆ ನಾಡಿನಿಂದ ಬಂದವನೆಂಬುದು ಒಂದು. ಹಿಂದುಮುಂದಿಲ್ಲದ ಅನಾಥನೆಂಬುದು ಇನ್ನೊಂದು. ಐದೂವರೆ ಶತಮಾನಗಳ ಹಿಂದೆ ಬೀದರಿನಲ್ಲಿ ಹೊರದೇಶದವರನ್ನು ‘ಗರೀಬ’ರೆಂದು ಕರೆಯುತ್ತಿದ್ದರು. ಆ ಅರಬ್ಬೀ ಶಬ್ದದ ಮೂಲಾರ್ಥ ಅಪರಿಚಿತ ಎಂದು. ಇಂದು ನಮ್ಮ ಬಾಯಲ್ಲಿ ಉಳಿದಿರುವುದು ಬಡವನೆಂಬ ಅರ್ಥ ಮಾತ್ರ. ಬಂಧುಬಳಗದಿಂದ ದೂರವಾದವನು ಎಷ್ಟೇ ಧನವಂತನಾದರೂ ಬಡವನೇ ಎಂಬುದನ್ನು ಎರಡು ಭಾಷೆಗಳೂ ತಮ್ಮಷ್ಟಕ್ಕೆ ತಾವೇ ಕಂಡುಕೊಂಡಂತಿದೆ.

ಇಂದು ಭಾಲ್ಕಿ, ಔರಾದಗಳ ಮನೆತನಗಳಿಂದಲೂ ಮಕ್ಕಳು ವಿದೇಶಗಳಿಗೆ ಪಾಠ ಹೇಳಲು ಹೋಗುತ್ತಿದ್ದಾರೆ. “ಅಲ್ಲಿ ಅವನಿಗೆ ತನ್ನವರೆಂಬುವರು ಯಾರಿದ್ದಾರೆ?” ಎಂದು ತಾಯಂದಿರು ಕೇಳುವುದು ಸಹಜವೇ. ಆದರೆ ಒಂದು ಕಾಲದಲ್ಲಿ ಜಗತ್ತಿನ ಗುರುಗಳು ನಮ್ಮ ಬೀದರಿಗೆ ಬಂದು ಪರದೇಶಿಗಳಾಗಿ ಬಾಳಿದ್ದರೆಂಬುದನ್ನು ನಾವು ಮರೆತಿದ್ದೇವೆ.

ಬಹಮನಿ ಅರಸ ಅಹಮದ್ ಶಾಹ ವಲಿಯು ಇರಾನಿನ ಕಿರ್ಮಾನದಿಂದ ಸೂಫಿ ಗುರುಮನೆತನವನ್ನು ಬೀದರಿಗೆ ಬರಮಾಡಿಕೊಂಡನು. ಅಷ್ಟೂರಿನಲ್ಲಿರುವ ಆತನ ಗೋರಿಗೆ ಇಂದಿಗೂ ನಮ್ಮ ಭಕ್ತರು ಅಲ್ಲಮಪ್ರಭುವೆಂದು ನಡೆದುಕೊಳ್ಳುತ್ತಾರೆ. ಜಾತ್ರೆಯ ಮುಂದಾಳುತನ ಲಿಂಗಾಯತ ಜಂಗಮರದು. ಆ ಗುರುಮನೆತನದ ದರ್ಶನವನ್ನರಸಿ 1453ರ ಸುಮಾರಿಗೆ ದಾಭೋಳ ಬಂದರಿನಲ್ಲಿ ಹಡಗಿನಿಂದಿಳಿದು ಬಂದವನು ಗೀಲಾನಿನ ವ್ಯಾಪಾರಿ ಮಹಮೂದ ಗವಾನ. ಮುಂದೆ ದಿಲ್ಲಿಗೆ ಹೋಗಬೇಕೆಂದಿದ್ದವನು ಇಲ್ಲಿಯೇ ನಿಂತನು. ಕಾಲಕ್ರಮದಲ್ಲಿ ರಾಜ್ಯದ ಪ್ರಧಾನಿಯಾದನು.

1472ರಲ್ಲಿ ಆತನು ಕಟ್ಟಿಸಿದ ಮದರಸಾ ಇಂದಿಗೂ ಕೋಟೆಯ ದಾರಿಯಲ್ಲಿದೆ. 205 ಅಡಿ ಉದ್ದ, 180 ಅಡಿ ಅಗಲ, ಮೂರು ಅಂತಸ್ತು. ನಡುವೆ ವಿಶಾಲವಾದ ಅಂಗಳ, ಸುತ್ತಲೂ ಪಾಠಶಾಲೆ, ವಿದ್ಯಾರ್ಥಿಗಳ ಕೋಣೆ, ಗುರುಗಳ ವಸತಿ, ಸುಮಾರು 3,000 ಹಸ್ತಪ್ರತಿಗಳ ಗ್ರಂಥಾಲಯ. ಗುರುವೂ ಶಿಷ್ಯನೂ ಒಂದೇ ಸೂರಿನಡಿ ಉಂಡು, ಮಲಗಿ, ಓದುವ ಏರ್ಪಾಡು; ಮಠದಲ್ಲಿ ಬೆಳೆದ ನನ್ನಂಥವರಿಗೆ ಇದು ಹೊಸತೆನಿಸದು. 1696ರ ಮದ್ದುಗುಂಡಿನ ಸ್ಫೋಟದಲ್ಲಿ ಅರ್ಧಭಾಗ ಹಾಳಾದರೂ, ಉಳಿದ ಒಂದು ಮಿನಾರದ ನೀಲಿ ಹೆಂಚುಗಳು ಇರಾನಿನ ನೆನಪನ್ನು ಇನ್ನೂ ಬಿಟ್ಟುಕೊಟ್ಟಿಲ್ಲ.

ಗವಾನನು ದೂರದ ಹೆರಾತಿನ ಕವಿ ಜಾಮಿಯನ್ನೂ ಬೀದರಿಗೆ ಆಹ್ವಾನಿಸಿದನು. ಕವಿ ಬರಲಿಲ್ಲ, ಪತ್ರಗಳು ಬಂದವು. ತುರ್ಕರ ಸುಲ್ತಾನನಿಗೂ ತನ್ನ ಬಂಧುಗಳಿಗೂ ಆತ ಬರೆದ ಪತ್ರಗಳು ‘ರಿಯಾಜುಲ್ ಇನ್ಶಾ’ ಎಂಬ ಸಂಗ್ರಹದಲ್ಲಿ ಉಳಿದಿವೆ. ಪ್ರಧಾನಿಯಾಗಿಯೂ ಆತ ಮಣ್ಣಿನ ಪಾತ್ರೆಯಲ್ಲಿ ಉಂಡು ಚಾಪೆಯ ಮೇಲೆ ಮಲಗುತ್ತಿದ್ದನೆಂದೂ, ಶುಕ್ರವಾರದ ರಾತ್ರಿ ವೇಷ ಮರೆಸಿಕೊಂಡು ಓಣಿ ಓಣಿ ತಿರುಗಿ ಬಡವರಿಗೆ ಹಣ ಹಂಚುತ್ತಿದ್ದನೆಂದೂ ಇತಿಹಾಸಕಾರ ಫೆರಿಶ್ತಾ ಬರೆದಿದ್ದಾನೆ. ಊಟ ಬಟ್ಟೆಗಳ ಖರ್ಚು ರಾಜ್ಯದ ಆದಾಯದಿಂದಲ್ಲ, ತಾನು ಊರಿನಿಂದ ತಂದ ಮೂಲಧನದ ವ್ಯಾಪಾರದ ಲಾಭದಿಂದ. ಅದರಲ್ಲಿಯೇ ಗೀಲಾನಿನ ತಾಯಿಗೂ ಹಣ ಹೋಗುತ್ತಿದ್ದಿತು. ಇದನ್ನು ಕಾಯಕವೆನ್ನದೆ ಬೇರೇನೆನ್ನಬೇಕೋ ನಾನರಿಯೆ.

ಆ ಕಾಲದ ಬೀದರಿನಲ್ಲಿ ಪರದೇಶಿಯೊಬ್ಬನ ದಿನಗಳು ಹೇಗೆ ಕಳೆಯುತ್ತಿದ್ದವೆಂಬುದನ್ನು ಬರೆದಿಟ್ಟವನಾದರೋ ಗುರುವಲ್ಲ, ರಷ್ಯಾದ ತ್ವೇರ್ ಪಟ್ಟಣದ ವ್ಯಾಪಾರಿ ಅಫನಾಸಿ ನಿಕಿತಿನ್. 1470ರ ಆಸುಪಾಸಿನಲ್ಲಿ ಕುದುರೆಯೊಂದನ್ನು ಮಾರಲೆಂದು ಬಂದವನು. ದಾರಿಯಲ್ಲಿ ದರೋಡೆಯಾಗಿ ಧರ್ಮಗ್ರಂಥಗಳನ್ನು ಕಳೆದುಕೊಂಡಿದ್ದನು. ಹಬ್ಬಗಳ ದಿನಗಳೇ ತಪ್ಪಿಹೋಗಿ, ಅಂದಾಜಿನ ಮೇಲೆ ಉಪವಾಸ ಮಾಡುತ್ತಿದ್ದನು. ಜುನ್ನಾರಿನ ಅಧಿಕಾರಿಯು ಆತನ ಕುದುರೆಯನ್ನು ಹಿಡಿದಿಟ್ಟು, ಮತ ಬದಲಿಸಿದರೆ ಮರಳಿ ಕೊಡುವೆನೆಂದಾಗ, ಖೊರಾಸಾನದ ಒಬ್ಬ ಖೋಜನು ನಡುವೆ ಬಂದು ಬಿಡಿಸಿದನು. ಪರದೇಶಿಗೆ ಪರದೇಶಿಯೇ ಆಸರೆಯಾದನು.

ಬೀದರಿನಲ್ಲಿ ಆತ ಸ್ಥಳೀಯ ಜನರೊಡನೆ ಬೆರೆತ ಬಗೆ ಸ್ವಾರಸ್ಯವಾಗಿದೆ. ನಮ್ಮವರು ಅನ್ಯರ ಎದುರಿಗೆ ಉಣ್ಣುತ್ತಿರಲಿಲ್ಲ. ಅನ್ನ, ಕಿಚಡಿ, ಸೊಪ್ಪಿನ ಅಡಿಗೆಯನ್ನು ಕಣ್ಣಿಗೆ ಬೀಳದಂತೆ ಮರೆಮಾಡುತ್ತಿದ್ದರು. ಆತ ಖೋಜಾ ಯೂಸುಫ್ ಎಂಬ ಹೆಸರಿನಿಂದ ತಿರುಗುತ್ತಿದ್ದನಾದ್ದರಿಂದ ಮುಸಲ್ಮಾನನೆಂದೇ ತಿಳಿದಿದ್ದರು. ತಾನು ಕ್ರೈಸ್ತ, ತನ್ನ ನಿಜವಾದ ಹೆಸರು ಇಂಥದು ಎಂದು ಆತ ಬಾಯಿಬಿಟ್ಟು ಹೇಳಿದ ಮೇಲೆ ಅವರು ಊಟವನ್ನಾಗಲಿ, ವ್ಯಾಪಾರವನ್ನಾಗಲಿ, ಪೂಜೆಯನ್ನಾಗಲಿ, ಮನೆಯ ಹೆಂಗಸರನ್ನಾಗಲಿ ಆತನಿಂದ ಮರೆಮಾಡಲಿಲ್ಲವಂತೆ. ಪಂಕ್ತಿಯಲ್ಲಿ ಕೂರಿಸಿಕೊಳ್ಳದಿದ್ದರೂ ಮನಸ್ಸಿನ ಬಾಗಿಲು ತೆರೆದರು. ಅಷ್ಟೇ ಅಲ್ಲ, ಶಿವರಾತ್ರಿಗೆ ಅವರೊಡನೆ ‘ಪರ್ವತ’ಕ್ಕೂ ಹೋಗಿಬಂದನು. ಒಂದು ತಿಂಗಳ ಹಾದಿ. ಆ ಪರ್ವತವೆಂದರೆ ನಮ್ಮ ಮಲ್ಲಯ್ಯನ ಶ್ರೀಶೈಲವೇ! ರಷ್ಯಾದವನೊಬ್ಬ ಬೀದರಿನ ಯಾತ್ರಿಕರ ಜೊತೆ ಶ್ರೀಶೈಲದ ಹಾದಿ ತುಳಿದ ಸಂಗತಿಯನ್ನು ನಮ್ಮ ಮಕ್ಕಳಿಗೆ ಯಾವ ಪಠ್ಯದಲ್ಲಿಯಾದರೂ ಹೇಳಬಾರದೆ?

ಬೀದಿಯಲ್ಲಿ ಸಿಕ್ಕ ಈ ಆದರ ಅರಮನೆಯಲ್ಲಿ ಸಿಗಲಿಲ್ಲ. ದಖ್ಖನಿಗಳಿಗೂ ಹೊರದೇಶದ ಆಫಾಕಿಗಳಿಗೂ ಹಗೆತನ ಬೆಳೆದಿದ್ದಿತು. ಗವಾನನು ಎರಡೂ ಪಕ್ಷಗಳಿಗೆ ಸಮನಾಗಿ ಅಧಿಕಾರ ಹಂಚಿದರೂ ಅದು ತಣಿಯಲಿಲ್ಲ. ವಿರೋಧಿಗಳು ಮುದ್ರೆ ಕಾಯುವವನನ್ನು ಒಲಿಸಿಕೊಂಡು, ಬರಿದಾದ ಕಾಗದಕ್ಕೆ ಆತನ ಮುದ್ರೆ ಒತ್ತಿಸಿ, ಒರಿಸ್ಸಾದ ಅರಸನಿಗೆ ಬರೆದ ದ್ರೋಹದ ಪತ್ರವೆಂದು ಸುಲ್ತಾನನ ಮುಂದಿಟ್ಟರು. ಕುಡಿದ ಅಮಲಿನಲ್ಲಿ ಸುಲ್ತಾನನು ವಿಚಾರಿಸದೆ ಆಜ್ಞೆಯಿತ್ತನು. 1481ರ ಏಪ್ರಿಲ್ 5ರಂದು ಎಪ್ಪತ್ತರ ಹಿರಿಯನ ಶಿರಚ್ಛೇದವಾಯಿತು. ಆಮೇಲೆ ಸಂಪತ್ತನ್ನು ಹುಡುಕಿದರೆ ಸಿಕ್ಕಿದ್ದು ಅತ್ಯಲ್ಪ. ಮರುವರ್ಷವೇ ಸುಲ್ತಾನನು ತೀರಿಕೊಂಡನು. ರಾಜ್ಯವೂ ಕ್ರಮೇಣ ಐದು ಹೋಳಾಯಿತು.

ಮುಂದೆ ನಿಜಾಮರ ಆಳ್ವಿಕೆಯಲ್ಲಿ ಈ ನೆಲದ ಕನ್ನಡವೇ ಪರದೇಶಿಯಾಯಿತು. ಆಗ ಭಾಲ್ಕಿಯ ಹಿರೇಮಠದ ಚೆನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ, ಒಳಗೆ ಕನ್ನಡ ಕಲಿಸಿದ ಕಥೆ ವಾಚಕರಿಗೆ ತಿಳಿದದ್ದೇ ಆಗಿದೆ. 1956ರಲ್ಲಿ ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಬಳಿಕ ದಕ್ಷಿಣದ ಊರುಗಳಿಂದ ಶಿಕ್ಷಕರು ಇತ್ತ ಬರತೊಡಗಿದರು. ಮಕ್ಕಳ ಮನೆಮಾತು ಕೆಲವೆಡೆ ಮರಾಠಿ, ಪೇಟೆಯ ಮಾತು ಉರ್ದು, ಕನ್ನಡವೂ ಅವರ ಕನ್ನಡವಲ್ಲ. ಒಂದೇ ರಾಜ್ಯದೊಳಗೇ ಅವರೂ ಪರದೇಶಿಗಳು. ನನ್ನ ಬಾಲ್ಯದಲ್ಲಿ ಔರಾದ ಭಾಗದ ಶಾಲೆಗೆ ಹಾಗೆ ಬಂದ ಮಾಸ್ತರರೊಬ್ಬರು ಮೊದಮೊದಲು ಜೋಳದ ರೊಟ್ಟಿ ಅರಗದೆ, ಮಾತು ತಿಳಿಯದೆ, ವರ್ಗಾವಣೆಗೆ ಅರ್ಜಿಯ ಮೇಲೆ ಅರ್ಜಿ ಬರೆಯುತ್ತಿದ್ದರು. ಎಳ್ಳ ಅಮಾವಾಸ್ಯೆ ಬಂದಿತು. ನಮ್ಮ ಕಡೆ ಆ ದಿನ ಹೊಲಕ್ಕೆ ಕರೆಯದೆ ಯಾರನ್ನೂ ಬಿಡುವುದಿಲ್ಲವಷ್ಟೆ. ಒಂದೇ ಹಗಲಿನಲ್ಲಿ ಐದಾರು ಹೊಲಗಳ ಭಜ್ಜಿ, ಅಂಬಲಿ ಅವರ ಪಾಲಿಗೆ ಬಂದವು. ಒಲ್ಲೆನೆಂದರೆ ಕೇಳುವವರಾರು? ಮರುವರ್ಷ ಅವರೇ ಮುಂಜಾನೆಯಿಂದ, “ಯಾರ ಹೊಲ ಮೊದಲು?” ಎಂದು ಮಕ್ಕಳನ್ನು ಕೇಳುತ್ತಿದ್ದರು. ಅರ್ಜಿಯ ಮಾತು ಮತ್ತೆ ಕೇಳಿಬರಲಿಲ್ಲ.

ಪರದೇಶದಲ್ಲಿ ಪಾಠ ಹೇಳುವ ಮಗನೊಡನೆ ಫೋನಿನಲ್ಲಿ ಮಾತನಾಡುವಾಗ ನಮ್ಮ ಹಿರಿಯರು ಪಗಾರ ಎಷ್ಟೆಂದೂ, ಊರಿಗೆ ಯಾವಾಗ ಬರುವೆಯೆಂದೂ ಕೇಳುತ್ತಾರೆ. ಈ ತಿಂಗಳು ಅಲ್ಲಿ ಯಾರ ಮನೆಗೆ ಊಟಕ್ಕೆ ಹೋಗಿದ್ದೆ, ನೀನು ಯಾರನ್ನು ಕರೆದೆ ಎಂದು ಕೇಳಿದವರನ್ನು ನಾನು ಕಂಡಿರುವುದು ಕಡಿಮೆ.