ತಿಂಗಳಿಗೊಂದು ಭಾನುವಾರ ತಾತನ ಟ್ರ್ಯಾಕ್ಟರ್‌ಗೆ

ಓಡುವ ಗಾಡಿಗಿಂತ ನಿಂತ ಗಾಡಿಗೇ ಹೆಚ್ಚು ಆರೈಕೆ ಬೇಕು. ಇದನ್ನು ನನಗೆ ಕಲಿಸಿದ್ದು ನಮ್ಮ ಶೆಡ್ಡಿನಲ್ಲಿರುವ ಮ್ಯಾಸ್ಸಿ ಫರ್ಗ್ಯುಸನ್ 1035.

ಕೆ.ಆರ್. ಪುರ ದಾಟಿ ಹಳೆ ಮದ್ರಾಸ್ ರಸ್ತೆಯಲ್ಲಿ ಮುಂದೆ ಹೋದರೆ ನಮ್ಮೂರು. ಸುತ್ತಲೂ ಲೇಔಟ್, ಅಪಾರ್ಟ್‌ಮೆಂಟ್. ನಡುವೆ ನಮ್ಮದು ಎರಡು ಎಕರೆ. ಒಂದಿಷ್ಟು ಮಾವು, ಉಳಿದದ್ದು ರಾಗಿ. ಮನೆ ನಡೆಯುವುದು ಅಪ್ಪನ ಸಂಬಳದಿಂದ, ಹೊಲ ಇರುವುದು ಪ್ರೀತಿಗೆ. ತಾತ ಕೊಂಡ ಟ್ರ್ಯಾಕ್ಟರ್‌ಗೆ ವರ್ಷದಲ್ಲಿ ಹತ್ತು–ಹನ್ನೆರಡು ದಿನ ಕೆಲಸ, ಅಷ್ಟೇ. ‘ಶಿವಾಜಿನಗರದ ಗುಜರಿಗೆ ಹಾಕ್ರಪ್ಪ, ಬಾಡಿಗೆಗೆ ಸಿಗುತ್ತಲ್ಲ’ ಎನ್ನುವವರಿಗೆ ಕೊರತೆಯಿಲ್ಲ.

ಸಿಗುವುದು ನಿಜ. ಆದರೆ ಹದ ಮಳೆ ಬಿದ್ದ ಮರುದಿನ ಎಲ್ಲರಿಗೂ ಬೇಕು. ಎರಡು ಎಕರೆಯವರ ಸರದಿ ಬರುವಷ್ಟರಲ್ಲಿ ನೆಲ ಆರಿರುತ್ತದೆ. ಆ ಒಂದು ಬೆಳಿಗ್ಗೆ ನಮ್ಮ ಟ್ರ್ಯಾಕ್ಟರ್ ಸ್ಟಾರ್ಟ್ ಆಗಲೇಬೇಕು. ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿರುವ ನನಗೆ ಮನೆಯವರು ಒಪ್ಪಿಸಿರುವ ಜವಾಬ್ದಾರಿ ಇದು.

ಮೊದಲ ಶತ್ರು ನೀರು. ಅರ್ಧ ಖಾಲಿ ಟ್ಯಾಂಕಿನೊಳಗಿನ ತೇವದ ಗಾಳಿ ರಾತ್ರಿ ತಣ್ಣಗಾಗಿ ಹನಿಯಾಗುತ್ತದೆ. ನೀರು ಡೀಸೆಲ್‌ಗಿಂತ ಭಾರ. ತಳಕ್ಕಿಳಿದು ತುಕ್ಕು ಹಿಡಿಸಿ, ಕೊನೆಗೆ ಇಂಜೆಕ್ಟರ್ ಪಂಪನ್ನೇ ಕೆಡಿಸುತ್ತದೆ. ಅದಕ್ಕೇ ನಿಲ್ಲಿಸುವಾಗ ಟ್ಯಾಂಕ್ ತುಂಬಿಸುತ್ತೇವೆ, ಫಿಲ್ಟರ್‌ನಲ್ಲಿ ಕೂತ ನೀರನ್ನು ಬಸಿಯುತ್ತೇವೆ. ಸೈಲೆನ್ಸರ್ ಬಾಯಿಗೆ ಒಂದು ಡಬ್ಬ ಮುಚ್ಚಿದರೆ ಮಳೆ ಎಂಜಿನ್ನಿಗೆ ಇಳಿಯುವುದಿಲ್ಲ.

ತಿಂಗಳಿಗೊಂದು ಭಾನುವಾರ ಸ್ಟಾರ್ಟ್ ಮಾಡುತ್ತೇನೆ. ಐದು ನಿಮಿಷ ಗುರುಗುಟ್ಟಿಸಿ ಆಫ್ ಮಾಡಿದರೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ಎಂಜಿನ್ ಕಾಯದಿದ್ದರೆ ಒಳಗಿನ ತೇವ ಆವಿಯಾಗದೆ ಆಯಿಲ್‌ಗೆ ಸೇರುತ್ತದೆ. ಅರ್ಧ ಗಂಟೆಯಾದರೂ ಹೊಲದಲ್ಲಿ ಓಡಿಸಬೇಕು. ಟೈರ್ ಒಂದೇ ಜಾಗದಲ್ಲಿ ಭಾರ ಹೊರುವುದೂ ತಪ್ಪುತ್ತದೆ. ಆಮೇಲೆ ನೇಗಿಲನ್ನು ನೆಲಕ್ಕಿಳಿಸಿ, ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚುತ್ತೇನೆ. ಇಲಿ ವೈರ್ ಕಡಿದಿದೆಯೇ ನೋಡುತ್ತೇನೆ. ಮಳೆಗಾಲದಲ್ಲಿ ಕ್ಲಚ್ ಪ್ಲೇಟ್ ತುಕ್ಕಿಗೆ ಅಂಟಿಕೊಳ್ಳದಂತೆ ಪೆಡಲ್ ಒತ್ತಿ, ಒಂದು ಮರದ ತುಂಡು ಕೊಟ್ಟು ನಿಲ್ಲಿಸುತ್ತೇನೆ.

ಎಂಜಿನ್ ಆಯಿಲ್ ಬದಲಿಸಲು ಮೀಟರಿನ ಗಂಟೆ ನೋಡುತ್ತಾ ಕೂರುವಂತಿಲ್ಲ. ಓಡಲಿ ಬಿಡಲಿ, ವರ್ಷಕ್ಕೊಮ್ಮೆ ಬದಲಿಸಲೇಬೇಕು. ಹಳೆಯ ಆಯಿಲ್‌ನಲ್ಲಿ ಸೇರಿದ ಆಮ್ಲ ಬೇರಿಂಗುಗಳನ್ನು ಸುಮ್ಮನೆ ತಿನ್ನುತ್ತಿರುತ್ತದೆ. ನಮ್ಮ ಕೆ.ಆರ್. ಪುರದ ಡೀಸೆಲ್ ಲೋಕೋ ಶೆಡ್ಡಿನಲ್ಲೂ ಎಂಜಿನ್ ಕೆಡಲಿ ಎಂದು ಕಾಯುವುದಿಲ್ಲ, ಗೊತ್ತುಪಡಿಸಿದ ದಿನಕ್ಕೆ ತಪಾಸಣೆ ನಡೆಯುತ್ತದೆ. ಎರಡು ಎಕರೆಯ ಶೆಡ್ಡಿಗೂ ಅದೇ ನಿಯಮ.

ನಾಳೆ ನನಗೆ ಬೇರೆ ಊರಿನಲ್ಲಿ ಕೆಲಸ ಸಿಕ್ಕರೆ? ಆ ಯೋಚನೆಯಲ್ಲೇ ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದ್ದೇನೆ. ಪಿಯುಸಿ ಓದುವ ತಂಗಿ ಕಳೆದ ತಿಂಗಳು ಫಿಲ್ಟರ್ ಬದಲಿಸಿ, ಡೀಸೆಲ್ ಲೈನಿನ ಗಾಳಿ ತೆಗೆದು, ಒಬ್ಬಳೇ ಸ್ಟಾರ್ಟ್ ಮಾಡಿದಳು. ಹಾಳೆಯಲ್ಲಿ ಆ ತಿಂಗಳ ಎದುರು ಇರುವುದು ಅವಳ ಸಹಿ.